ಕೆಂಪು ಮಣಿ ಪೆಟ್ಟಿಗೆ: 13ರಲ್ಲೇ ಕೂತಿದ್ದ ಸರಾಸರಿ ಕೊನೆಗೂ ಇಳಿಯಿತು

ಕೆಂಪು, ಬಿಳಿ ಮಣಿ ತುಂಬಿದ ಪೆಟ್ಟಿಗೆಗೆ ಗುಳಿಯ ಹಲಗೆ ಅದ್ದಿ, ಎಷ್ಟು ಕೆಂಪು ಬಂತು ಅಂತ ಎಣಿಸುವ ಆಟವೊಂದನ್ನು ಮಾಡುತ್ತಿದ್ದೇನೆ. ಆ ಕೆಂಪಿನ ಸರಾಸರಿ ಕೊನೆಗೂ 10ರ ಹತ್ತಿರ ಬಂದು ನಿಂತಿತು! ಇಷ್ಟು ದಿನ 13 ಬಿಟ್ಟು ಅಲ್ಲಾಡುತ್ತಿರಲಿಲ್ಲ. ಪೆಟ್ಟಿಗೆ ಮಾಡುವುದು, ಅಕ್ರಿಲಿಕ್ ಹಲಗೆಗೆ 50 ಗುಳಿ ಕೊರೆಯುವುದು, ಹಿಡಿ ಕೂರಿಸುವುದು ನಿಮಗೆ ಗೊತ್ತೇ ಇದೆ. ಅದನ್ನೆಲ್ಲ ಬಿಟ್ಟು ಈ ಸಲ ಬರೀ ಮಣಿಗಳ ಬಗ್ಗೆ ಬರೆಯುತ್ತೇನೆ.

ಮೊದಲು ಇದು ಯಾಕೆ ಅಂತ ಹೇಳಿಬಿಡುತ್ತೇನೆ. ನಾನಿರುವ ಪೀಣ್ಯದ ಮಶೀನ್ ಶಾಪ್‌ನಲ್ಲಿ ವರ್ಷದ ಅಪ್ರೈಸಲ್ (ಕೆಲಸದ ಮೌಲ್ಯಮಾಪನ) ನಿಲ್ಲುತ್ತಿದೆ. ಅದರ ಬದಲು ತಿಂಗಳಿಗೊಮ್ಮೆ ಸೂಪರ್‌ವೈಸರ್ ಮತ್ತು ಆಪರೇಟರ್ ಕೂತು ಮಾತಾಡಬೇಕು. ಅಡೋಬಿ 2012ರಲ್ಲೇ ವರ್ಷದ ಅಪ್ರೈಸಲ್ ಕೈಬಿಟ್ಟಿತು. ನೌಕರರನ್ನು ಸಾಲಾಗಿ ನಿಲ್ಲಿಸಿ ರ‍್ಯಾಂಕ್ ಕೊಡುವ ಪದ್ಧತಿಯನ್ನು ಮೈಕ್ರೋಸಾಫ್ಟ್ 2013ರಲ್ಲಿ ಬಿಟ್ಟಿತು. ನಮ್ಮಲ್ಲಿಗೂ ಆ ಗಾಳಿ ಬೀಸಿದ್ದು ಸಂತೋಷವೇ. ಆದರೆ ಮಾತಿಗೆ ಕೂತಾಗ ಸೂಪರ್‌ವೈಸರ್ ಕೈಯಲ್ಲಿರುವುದು, ಯಾರ ಎಷ್ಟು ಪೀಸ್ ರಿಜೆಕ್ಟ್ ಆಯಿತು ಅಂತ ಬರೆದ ಅದೇ ಹಳೇ ರಿಜೆಕ್ಷನ್ ಶೀಟ್. ವರ್ಷಕ್ಕೊಂದು ಸಲ ಆಗುತ್ತಿದ್ದ ಅನ್ಯಾಯ ಇನ್ನು ತಿಂಗಳಿಗೊಂದು ಸಲ ಆಗಬಾರದು, ಅಲ್ವಾ? ಅದಕ್ಕೇ ಗುಣಮಟ್ಟ ತಜ್ಞ ಡೆಮಿಂಗ್ ಅವರ ಈ ಆಟ.

ಆಟ ಇಷ್ಟೇ. ಮಣಿಗಳಲ್ಲಿ 20% ಕೆಂಪು, ಉಳಿದದ್ದು ಬಿಳಿ. ಹಲಗೆಯನ್ನು ಅದ್ದಿ ಎತ್ತಿದರೆ 50 ಮಣಿ ಬರುತ್ತವೆ. ಕೆಂಪು ಬಂದರೆ ರಿಜೆಕ್ಟ್. ಲೆಕ್ಕದ ಪ್ರಕಾರ ಸರಾಸರಿ 10. ಬರೀ ಆಕಸ್ಮಿಕವಾಗಿ ಆಗುವ ಏರುಪೇರಿಗೆ ಮಿತಿ ಹಾಕಿದರೆ 10ಕ್ಕೆ 8.5 ಕೂಡಿಸಿ, 8.5 ಕಳೆಯಬೇಕು. ಅಂದರೆ 2ರಿಂದ 18ರವರೆಗೆ ಏನು ಬಂದರೂ ಅದು ಪೆಟ್ಟಿಗೆಯದ್ದು, ಅದ್ದಿದವನದ್ದಲ್ಲ. ಆದರೂ 5 ತಂದವನಿಗೆ ಭೇಷ್ ಅನ್ನುತ್ತೇವೆ, 15 ತಂದವನಿಗೆ ಮೆಮೊ ಕೊಡುತ್ತೇವೆ. ಮುಂದಿನ ಸುತ್ತಿನಲ್ಲಿ ಇಬ್ಬರ ಅಂಕಿಯೂ ಅದಲು ಬದಲಾಗಬಹುದು.

ನನ್ನ ಪೆಟ್ಟಿಗೆಯಲ್ಲಿ ಮಾತ್ರ 13. ಯಾರು ಅದ್ದಿದರೂ, ಎಷ್ಟು ಕಲಸಿದರೂ 13ರ ಆಸುಪಾಸು. ಕೆಂಪು ಮಣಿಗಳನ್ನು ಮತ್ತೆ ಮತ್ತೆ ಎಣಿಸಿದೆ. ಸರಿಯಾಗಿ 20%. ಪ್ಲಾಸ್ಟಿಕ್ ಮಣಿಗೆ ಸ್ಟ್ಯಾಟಿಕ್ (ಉಜ್ಜಿದಾಗ ಹುಟ್ಟುವ ವಿದ್ಯುತ್) ಹಿಡಿದಿರಬಹುದು ಅಂತ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಅಂಟಿಕೊಳ್ಳುವುದು ನಿಂತಿತು, 13 ನಿಲ್ಲಲಿಲ್ಲ. ಹಲಗೆಯನ್ನು ತಿರುಗಿಸಿ ಅದ್ದಿದೆ. ಊಹೂಂ.

ಆಮೇಲೆ ದಪ್ಪ ಅಳೆಯುವ ವರ್ನಿಯರ್ ಹಿಡಿದೆ. ಬಿಳಿ ಮಣಿ 8 ಮಿಲಿಮೀಟರ್. ಕೆಂಪು 7.7! ಮಾಮೂಲ್‌ಪೇಟೆಯ ಅಂಗಡಿಯವರು "ಎರಡೂ ಒಂದೇ ಲಾಟ್ ಸಾರ್, ಬಣ್ಣ ಮಾತ್ರ ಬೇರೆ" ಅಂತ ಆಣೆ ಮಾಡಿ ಕೊಟ್ಟಿದ್ದರು. ಸಣ್ಣ ಮಣಿ ಗುಳಿಯಲ್ಲಿ ಆಳವಾಗಿ ಕೂರುತ್ತದೆ. ಹಲಗೆ ಓರೆ ಮಾಡಿ ಹೆಚ್ಚಿನ ಮಣಿ ಉದುರಿಸುವಾಗ ದೊಡ್ಡದು ಉರುಳಿ ಹೋಗುತ್ತದೆ, ಸಣ್ಣದು ಅಲ್ಲೇ ಉಳಿಯುತ್ತದೆ. ಬದಲಾಯಿಸಿ ಕೊಡಿ ಅಂತ ಹೋದರೆ, "ಮಾಲೆ ಮಾಡೋಕೆ 0.3 ಯಾರು ನೋಡ್ತಾರೆ ಸಾರ್?" ಅಂದರು. ಮಾಲೆಗೆ ಆ ಮಾತು ಸರಿ. ನನಗೆ ಅದೇ 0.3 ಮುಖ್ಯ. ಮೂರು ಅಂಗಡಿ ಹತ್ತಿ ಇಳಿದರೂ ಎರಡು ಬಣ್ಣ ಒಂದೇ ಅಳತೆಯಲ್ಲಿ ಸಿಗಲಿಲ್ಲ. ಬಿಳಿ ಮಣಿಗೇ ಕೆಂಪು ಬಳಿದರೆ ಬಣ್ಣದ ಪದರದಿಂದ ಅದು ದಪ್ಪಗಾಗುತ್ತದೆ. ಸಮಸ್ಯೆ ತಿರುಗಿ ನಿಲ್ಲುತ್ತದೆ, ಹೋಗುವುದಿಲ್ಲ.

ದಾರಿ ಸಿಕ್ಕಿದ್ದು ಚನ್ನಪಟ್ಟಣದಲ್ಲಿ. ಅಲ್ಲಿ ಹಾಲೆ ಮರದ ಮಣಿ ಕಡೆದು ಅರಗಿನ ಬಣ್ಣ ಕೊಡುತ್ತಾರೆ. ಕೈಯಲ್ಲಿ ಕಡೆದದ್ದು, ಅಳತೆಯಲ್ಲಿ ವ್ಯತ್ಯಾಸ ಇದ್ದೇ ಇರುತ್ತದೆ. ಆದರೆ ನಮಗೆ ಎಲ್ಲ ಮಣಿ ಒಂದೇ ಅಳತೆ ಇರಬೇಕಾಗಿಲ್ಲ. ಕೆಂಪಿನಲ್ಲಿರುವ ಏರುಪೇರು ಬಿಳಿಯಲ್ಲೂ ಅಷ್ಟೇ ಇದ್ದರೆ ಸಾಕು. ಹಾಗಾಗಿ ಬಣ್ಣ ಹಾಕದ 1000 ಮಣಿ ಒಬ್ಬರ ಹತ್ತಿರವೇ ಕಡೆಸಿದೆ. (ಡೆಮಿಂಗ್ ಪೆಟ್ಟಿಗೆಯಲ್ಲಿ ಸುಮಾರು 4000 ಇರುತ್ತಿದ್ದವು. ಪ್ರಮಾಣ 20% ಇದ್ದರೆ 1000 ಸಾಕು, ಆದರೆ ಪ್ರತಿ ಸಲ ಮಣಿಗಳನ್ನು ವಾಪಸ್ ಹಾಕಿ ಕಲಸಲೇಬೇಕು.) ಎಲ್ಲವನ್ನೂ ಚೀಲದಲ್ಲಿ ಕಲಸಿ, ಕಣ್ಣುಮುಚ್ಚಿ 200 ತೆಗೆದು ಕೆಂಪು ಅರಗು ಹಾಕಿಸಿದೆ. ಉಳಿದ 800ಕ್ಕೆ ಬಣ್ಣವಿಲ್ಲದ ಅರಗು, ಅಷ್ಟೇ ದಪ್ಪಕ್ಕೆ. ಹಾಲೆ ಮರ ತಿಳಿ ಬಣ್ಣದ್ದು, ದೂರದಿಂದ ಬಿಳಿಯೇ ಕಾಣುತ್ತದೆ. ಮರವಾದ್ದರಿಂದ ಸ್ಟ್ಯಾಟಿಕ್ ಕಾಟವೂ ಹೋಯಿತು. ಸರಾಸರಿ 10.

ಖುಷಿಯಲ್ಲಿ ಪಕ್ಕದ ಲೈನ್‌ನ ಗೆಳೆಯನಿಗೆ ತೋರಿಸಿದೆ. ಅವನು ಕೇಳಿದ ಪ್ರಶ್ನೆ ಇಡೀ ಪ್ರಾಜೆಕ್ಟನ್ನೇ ಬದಲಾಯಿಸಿತು. "ಆ 13ರ ಪೆಟ್ಟಿಗೆ ಏನ್ ಮಾಡ್ತೀಯ? ನಮ್ಮ ಎರಡನೇ ನಂಬರ್ ಮಶೀನ್ ಅದೇ ಅಲ್ವಾ?"

ನಿಜ. ಯಾರು ನಡೆಸಿದರೂ ಆ ಮಶೀನ್‌ನಲ್ಲಿ ರಿಜೆಕ್ಟ್ ಜಾಸ್ತಿ. ಡೆಮಿಂಗ್ ಕೂಡ ಇಂಥದ್ದೇ ಮಾತು ಹೇಳಿದ್ದರು. 20% ಕೆಂಪು ಇದೆ ಅಂದ ಮಾತ್ರಕ್ಕೆ ಸರಾಸರಿ 10 ಬರುತ್ತದೆ ಅಂತ ನಂಬಬೇಡಿ, ಹಲಗೆ ಬದಲಾದರೆ ಸರಾಸರಿಯೂ ಬದಲಾಗುತ್ತದೆ ಅಂತ. ಅವರು ಬಳಸಿದ ಬೇರೆ ಬೇರೆ ಹಲಗೆಗಳಲ್ಲೂ ಹಾಗೇ ಆಗಿತ್ತು.

ಹಾಗಾಗಿ ಇನ್ನೊಂದು 1000 ಮಣಿ ತರಿಸಿದೆ. ಈ ಸಲ ತಗಡಿಗೆ ರಂಧ್ರ ಕೊರೆದು ಗೋ–ನೋ ಗೋ ಗೇಜ್ (ಸಣ್ಣದು ತೂರುತ್ತದೆ, ದೊಡ್ಡದು ತೂರುವುದಿಲ್ಲ) ಮಾಡಿ, ಬೇಕಂತಲೇ ಸಣ್ಣವನ್ನು ಆರಿಸಿ ಕೆಂಪು ಹಾಕಿಸಿದೆ. ಈಗ ನೋಡಲು ಎರಡೂ ಪೆಟ್ಟಿಗೆ ಒಂದೇ. ಎರಡರಲ್ಲೂ 20%. ಒಂದು 10 ಕೊಡುತ್ತದೆ, ಇನ್ನೊಂದು 13.

ಶನಿವಾರ ಸೂಪರ್‌ವೈಸರ್‌ಗಳನ್ನು ಕೂರಿಸಿ ಆಡಿಸಿದೆ. ಎರಡು ತಂಡ ಮಾಡಿ, ಒಂದಕ್ಕೆ ಡೇ ಶಿಫ್ಟ್ ಅಂತ ಹೆಸರಿಟ್ಟೆ, ಇನ್ನೊಂದಕ್ಕೆ ನೈಟ್ ಶಿಫ್ಟ್. ನೈಟ್‌ಗೆ ಎರಡನೇ ಪೆಟ್ಟಿಗೆ. ಸ್ವಲ್ಪ ಹೊತ್ತಿಗೇ ಕಾರಣಗಳು ಹುಟ್ಟಿಕೊಂಡವು. "ನೈಟ್‌ನವರು ಅರ್ಜೆಂಟ್ ಮಾಡ್ತಾರೆ." "ಅವನು ಸರಿಯಾಗಿ ಕಲಸ್ತಿಲ್ಲ." ನೈಟ್ ತಂಡದಲ್ಲಿದ್ದ ಹಿರಿಯರೊಬ್ಬರು ತಮ್ಮ ಕೈ ನಡುಗುತ್ತಿದೆಯೇನೋ ಅಂತ ನಿಜವಾಗಿಯೂ ಚಿಂತೆ ಮಾಡಿದರು. ಪೆಟ್ಟಿಗೆ ಅದಲು ಬದಲು ಮಾಡಿದ ಮೇಲೆ ಡೇ ಶಿಫ್ಟ್‌ಗೆ ಕೆಂಪು ಜಾಸ್ತಿಯಾಯಿತು. ಹಿರಿಯರು ಎದ್ದು ಬಂದು ಮಣಿಗೆ ವರ್ನಿಯರ್ ಇಟ್ಟರು. ಆ ಕ್ಷಣಕ್ಕೇ ನಾನು ಇಷ್ಟೆಲ್ಲ ಮಾಡಿದ್ದು.

ಇದರಿಂದ ತಿಂಗಳ ಮಾತಿನ ಶೀಟೂ ಬದಲಾಯಿತು. ರಿಜೆಕ್ಷನ್ ಅಂಕಿಯನ್ನು ಈಗ ಮೊದಲು ಮಶೀನ್ ಪ್ರಕಾರ ಹಾಕುತ್ತೇವೆ, ಆಮೇಲೆ ಆಪರೇಟರ್ ಪ್ರಕಾರ. ಮಿತಿಯೊಳಗಿದ್ದರೆ ಅಂಕಿ ಬಗ್ಗೆ ಮಾತೇ ಇಲ್ಲ. ಇನ್ಸರ್ಟ್ (ಲೋಹ ಕತ್ತರಿಸುವ ತುದಿ) ಸರಿಯಾದ ಹೊತ್ತಿಗೆ ಸಿಗುತ್ತಿದೆಯಾ, ಕೂಲಂಟ್ (ತಂಪು ಮಾಡುವ ದ್ರವ) ಹೇಗಿದೆ, ಡ್ರಾಯಿಂಗ್ ಬದಲಾದದ್ದು ಗೊತ್ತಾಗಿತ್ತಾ, ಇದನ್ನು ಕೇಳಬೇಕು. ಹೊಸ ಜಾಬ್ ಕಲಿಯುವ ಆಸೆ ಇದೆಯಾ ಅಂತಲೂ ಕೇಳಬೇಕು. ಒಬ್ಬರು ಅದೇ ಮಶೀನ್‌ನಲ್ಲಿ, ಅದೇ ಜಾಬ್‌ನಲ್ಲಿ ಮಿತಿ ದಾಟಿದರೆ ಆಗ ಜೊತೆಗೆ ನಿಂತು ಸೆಟ್ಟಿಂಗ್ ನೋಡಬೇಕು. ಅಂಥವು ಇಲ್ಲವೇ ಇಲ್ಲ ಅಂತಲ್ಲ. ಆದರೆ ಕಡಿಮೆ.

ಮುಂದಿನ ಪ್ರಾಜೆಕ್ಟ್ ಆಗಲೇ ತಲೆಯಲ್ಲಿ ಕೂತಿದೆ: ಫನಲ್ (ಆಲಿಕೆ) ಆಟ. ಫನಲ್‌ನಿಂದ ಗುರಿಯ ಮೇಲೆ ಗೋಲಿ ಬಿಡುವುದು. ಫನಲ್ ಕದಲಿಸದೆ ಬಿಟ್ಟರೆ ಒಂದಷ್ಟು ಹರಡುತ್ತದೆ. ಪ್ರತಿ ಸಲ ಎಷ್ಟು ತಪ್ಪಿತೋ ಅಷ್ಟು ಫನಲನ್ನು ಎದುರು ದಿಕ್ಕಿಗೆ ಸರಿಸಿದರೆ ವೇರಿಯನ್ಸ್ (ಹರಡುವಿಕೆಯ ಅಳತೆ) ಎರಡು ಪಟ್ಟಾಗುತ್ತದೆ. ಪ್ರತಿ ಪೀಸ್‌ಗೂ ಆಫ್‌ಸೆಟ್ (ಟೂಲ್‌ನ ಸ್ಥಾನದ ತಿದ್ದುಪಡಿ) ಬದಲಿಸಿ ಜಾಬ್ ಕೆಡಿಸಿದವರನ್ನು ನಾವೆಲ್ಲ ನೋಡಿದ್ದೇವೆ. ದಿನಾ ಸಂಜೆ ಅವತ್ತಿನ ಅಂಕಿ ನೋಡಿ ಆಪರೇಟರ್‌ಗೆ ಬುದ್ಧಿ ಹೇಳುವ ಸೂಪರ್‌ವೈಸರ್‌ಗೂ ಇದನ್ನು ತೋರಿಸಬೇಕು. ತಿಂಗಳ ಮಾತು ಶುರುವಾದ ಮೇಲೆ ಆ ಚಾಳಿ ಜಾಸ್ತಿಯಾಗಿದೆ.

ಹಳೇ ಡಯಲ್ ಗೇಜ್ ಸ್ಟ್ಯಾಂಡ್ ಸಿಕ್ಕಿದೆ. ಗೋಲಿಗೆ ಬೇರಿಂಗ್‌ನ ಸ್ಟೀಲ್ ಬಾಲ್, ಗುರುತಿಗೆ ಕಾರ್ಬನ್ ಪೇಪರ್. ಸದ್ಯಕ್ಕೆ ಬಾಲ್ ಪುಟಿದು ಎರಡೆರಡು ಗುರುತು ಬೀಳುತ್ತಿವೆ. ಕೆಳಗೆ ರಬ್ಬರ್ ಶೀಟ್ ಹಾಕಿ ನೋಡಬೇಕು. ನೀವು ಯಾರಾದರೂ ಮಾಡಿದ್ದರೆ ಎಷ್ಟು ದಪ್ಪದ್ದು ಹಾಕಿದಿರಿ ಅಂತ ತಿಳಿಸಿ.