ರೋಸ್ಕಿಲ್ಡೆಯ ದಂಡೆಯಲ್ಲಿ

ಡೆನ್ಮಾರ್ಕಿಗೆ ಬಂದು ಇವತ್ತಿಗೆ ನಾಲ್ಕು ದಿನ. ಕೋಪನ್‌ಹೇಗನ್ನಿನಿಂದ ರೈಲು ಹತ್ತಿ ರೋಸ್ಕಿಲ್ಡೆಗೆ ಹೋಗಿದ್ದೆವು, ಸಾವಿರ ವರ್ಷದ ಹಿಂದಿನ ಕಡಲಿಗರಾದ ವೈಕಿಂಗರ ಹಡಗುಗಳ ಮ್ಯೂಸಿಯಂ ನೋಡಲು.

ಮಧ್ಯಾಹ್ನದ ಊಟ ಫ್ಯೋರ್ಡ್ ದಂಡೆಯಲ್ಲೇ ಆಯಿತು; ಫ್ಯೋರ್ಡ್ ಅಂದರೆ ನೆಲದೊಳಕ್ಕೆ ಚಾಚಿದ ಕಡಲ ತೋಳು. ಕಪ್ಪು ರೈ ಬ್ರೆಡ್ಡಿನ ಮೇಲೆ ಬೆಣ್ಣೆ, ಬೇಯಿಸಿದ ಆಲೂಗಡ್ಡೆಯ ಹೋಳು, ಈರುಳ್ಳಿ. ಅಮ್ಮ ಒಂದು ತುತ್ತು ತಿಂದು, "ಸ್ವಲ್ಪ ಹುಳಿ ಇದೆ, ಆದರೆ ರಾಗಿ ಮುದ್ದೆ ಥರ ಹೊಟ್ಟೇಲಿ ನಿಲ್ಲುತ್ತೆ ಕಣೋ" ಅಂದು ಬ್ಯಾಗಿನಿಂದ ಚಟ್ನಿಪುಡಿ ತೆಗೆದರು. ಎಂಥ ರುಚಿ!

ಒಳಗೆ ಕಂಡ ಐದು ಹಡಗುಗಳು ಮಾತ್ರ ಇನ್ನೂ ಕಣ್ಣಲ್ಲೇ ಇವೆ. ಶತ್ರುಗಳು ಸಮುದ್ರದಿಂದ ನುಗ್ಗದಿರಲಿ ಎಂದು ಸುಮಾರು 1070ರ ಹೊತ್ತಿಗೆ ಕಲ್ಲು ತುಂಬಿ ಫ್ಯೋರ್ಡಿನ ದಾರಿಗೆ ಅಡ್ಡವಾಗಿ ಮುಳುಗಿಸಿದ ಹಡಗುಗಳಿವು. 1962ರಲ್ಲಿ ಸುತ್ತ ತಡೆಗೋಡೆ ಕಟ್ಟಿ, ನೀರು ಖಾಲಿ ಮಾಡಿ, ಚೂರುಚೂರಾಗಿ ಎತ್ತಿದರಂತೆ. ಅತಿ ಉದ್ದದ್ದು ಸುಮಾರು 30 ಮೀಟರ್. 1042ರಲ್ಲಿ ಐರ್ಲೆಂಡಿನ ಡಬ್ಲಿನ್ ಕಡೆಯ ಓಕ್ ಮರದಲ್ಲಿ ಕಟ್ಟಿದ್ದು. ಅಷ್ಟು ದೂರದಿಂದ ತೇಲಿಬಂದ ಹಡಗನ್ನು, ಊರು ಉಳಿಯಲೆಂದು ಕೈಯಾರೆ ಮುಳುಗಿಸುವಾಗ ಆ ಜನರ ಎದೆ ಎಷ್ಟು ಭಾರವಾಗಿರಬೇಕು! ಅದರ ಮುಂದೆ ಬಹಳ ಹೊತ್ತು ಸುಮ್ಮನೆ ನಿಂತಿದ್ದೆ.

ಈಗ ರಾತ್ರಿ ಒಂಬತ್ತೂವರೆ. ಜೂನ್ ತಿಂಗಳಲ್ಲವೇ, ಕಿಟಕಿಯಾಚೆ ಇನ್ನೂ ಬೆಳಕು. "ಸೂರ್ಯನೇ ಮಲಗಿಲ್ಲ" ಅಂತ ಮಗಳು ಹಾಸಿಗೆಗೆ ಬರುತ್ತಿಲ್ಲ.