ಹೆಡ್‌ಲೈಟ್ ಬಣ್ಣ ಆರಿಸುವ ಮೊದಲು ವೋಲ್ಟೇಜ್ ನೋಡಿ

ಮಳೆಗಾಲ ಹತ್ತಿರವಾದರೆ ಮಂಗಳೂರಿನ ಗ್ಯಾರೇಜುಗಳಲ್ಲಿ ಕೇಳಿಬರುವ ಮಾತು: "ಅಣ್ಣಾ, ಬಿಳಿ ಲೈಟ್ ಹಾಕಿ, ರಾತ್ರಿ ಏನೂ ಕಾಣುವುದಿಲ್ಲ." ಬಾಕ್ಸಿನ ಮೇಲಿನ 6000, 8000 ಕೆಲ್ವಿನ್ ಎಂಬುದನ್ನು ಬೆಳಕಿನ ಪ್ರಮಾಣ ಎಂದುಕೊಂಡವರೇ ಹೆಚ್ಚು. ಅದು ಬಣ್ಣದ ಅಳತೆ, ಅಂಕಿ ಏರಿದಷ್ಟೂ ಬೆಳಕು ಹಳದಿಯಿಂದ ನೀಲಿಬಿಳಿಗೆ ತಿರುಗುತ್ತದೆ. ಬೆಳಕೆಷ್ಟು ಎಂದು ಹೇಳುವುದು ಲ್ಯೂಮೆನ್.

ಮಾಮೂಲಿ ಹ್ಯಾಲೊಜೆನ್ ಬಲ್ಬಿನ ಬೆಳಕು ಸುಮಾರು 3200 ಕೆಲ್ವಿನ್. ಅದರೊಳಗಿನ ಟಂಗ್‌ಸ್ಟನ್ ತಂತಿ ಕಾದಷ್ಟೂ ಬೆಳಕು ಬೆಳ್ಳಗಾಗುತ್ತದೆ, ಆದರೆ 3700 ಕೆಲ್ವಿನ್ ಹತ್ತಿರ ತಂತಿ ಕರಗಿಯೇ ಹೋಗುತ್ತದೆ. ಹಾಗಾಗಿ 5000 ಕೆಲ್ವಿನ್ ಹ್ಯಾಲೊಜೆನ್ ಎಂದರೆ ಗಾಜಿಗೆ ನೀಲಿ ಲೇಪ ಬಳಿದದ್ದು. ಆ ಲೇಪ ಹಳದಿ, ಕೆಂಪು ಬೆಳಕನ್ನು ನುಂಗುತ್ತದೆ, ರಸ್ತೆಗೆ ಬೀಳುವುದು ಕಡಿಮೆಯೇ ಆಗುತ್ತದೆ.

ಕರಾವಳಿಯಲ್ಲಿ ಲೈಟ್ ಮಂಕಾಗಲು ಬಹಳ ಸಲ ಬಲ್ಬ್ ಕಾರಣವೇ ಅಲ್ಲ. ಉಪ್ಪುಗಾಳಿಗೆ ಅರ್ತ್ ಬೋಲ್ಟ್ (ಅರ್ತ್ ವೈರನ್ನು ಬಾಡಿಗೆ ಬಿಗಿದದ್ದು) ತುಕ್ಕು ಹಿಡಿದಿರುತ್ತದೆ, ಬಲ್ಬಿಗೆ ವೈರ್ ಸಿಕ್ಕಿಸುವ ಕಪ್ಲರಿನ ಪಿನ್ ಹಸಿರುಗಟ್ಟಿರುತ್ತದೆ. ಎಂಜಿನ್ ಓಡುತ್ತಿರುವಾಗ, ಲೈಟ್ ಹಾಕಿ, ಮಲ್ಟಿಮೀಟರಿನಲ್ಲಿ ಬ್ಯಾಟರಿಯ ವೋಲ್ಟೇಜ್ ನೋಡಿ, ಆಮೇಲೆ ಬಲ್ಬಿನ ಹಿಂದೆ ನೋಡಿ. ಅರ್ಧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಮೊದಲು ವೈರಿಂಗ್ ಸರಿಮಾಡಬೇಕು. ಹ್ಯಾಲೊಜೆನ್‌ಗೆ ವೋಲ್ಟೇಜ್ ಶೇ. 10 ಇಳಿದರೆ ಬೆಳಕು ಸುಮಾರು ಶೇ. 30 ಇಳಿಯುತ್ತದೆ. ಅರ್ತ್ ಬೋಲ್ಟ್ ಬಿಚ್ಚಿ, ಲೋಹ ಹೊಳೆಯುವಂತೆ ಉಜ್ಜಿ, ಬಿಗಿದು ಗ್ರೀಸ್ ಸವರಿ. ಕಪ್ಲರ್ ಕರಗಿದ್ದರೆ ಸೆರಾಮಿಕ್‌ನದು ಹಾಕಿ. ಹಳೆಯ ಗಾಡಿಗೆ ಬ್ಯಾಟರಿಯಿಂದ ನೇರ ಫ್ಯೂಸ್ ಮತ್ತು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟು ಹರಿಸುವ ಸ್ವಿಚ್) ಹಾಕಿದರೆ 60/55 ವ್ಯಾಟಿನ ಮಾಮೂಲಿ ಎಚ್4 (ಬ್ರೈಟ್, ಡಿಮ್ ಎರಡೂ ಒಂದರಲ್ಲೇ ಇರುವ) ಬಲ್ಬೇ ಹೊಸದರಂತೆ ಉರಿಯುತ್ತದೆ. ಗ್ಲಾಸಿಗೆ ಬೆರಳು ತಾಗಿಸಬೇಡಿ, ಎಣ್ಣೆ ಅಂಟಿದ ಜಾಗ ಕಾದು ಬಲ್ಬ್ ಬೇಗ ಹೋಗುತ್ತದೆ.

ಇಷ್ಟಾದ ಮೇಲೆ ಬಣ್ಣ. ಪಡುಬಿದ್ರಿ, ಕಾಪು ದಾರಿಯಲ್ಲಿ ಜಡಿಮಳೆ ಹೊಯ್ಯುವಾಗ ಒದ್ದೆ ಡಾಮರು ಕನ್ನಡಿಯಾಗಿ ಬೆಳಕನ್ನು ಮುಂದಕ್ಕೇ ತಳ್ಳುತ್ತದೆ, ನಮ್ಮ ಕಣ್ಣಿಗೆ ಮರಳುವುದು ಸ್ವಲ್ಪ. ಅಲ್ಲಿ ನೀಲಿಬಿಳಿ ಬೆಳಕು ಮಳೆಹನಿಯ ಮೇಲೆ ಬೆಳ್ಳಗೆ ಕುಕ್ಕುತ್ತದೆ. ಎದುರಿನವರಿಗೂ ಅದರ ಹಿಂಸೆ ಹೆಚ್ಚು, ವಯಸ್ಸಾದವರ ಕಣ್ಣಿಗಂತೂ ಇನ್ನೂ. ನಮ್ಮೂರಿಗೆ 3200ರಿಂದ 4300 ಸಾಕು. ಚಾರ್ಮಾಡಿ, ಆಗುಂಬೆ ಘಾಟಿಯ ಮಂಜಿಗೆ ಬಂಪರಿನ ಕೆಳಗೆ 3000ದ ಹಳದಿ ಫಾಗ್‌ಲ್ಯಾಂಪ್ ಹಾಕಿ ಡಿಮ್ಮಿನಲ್ಲೇ ಹೋಗಿ. ಹಳದಿ ಮಂಜನ್ನು ಸೀಳುತ್ತದೆ ಎನ್ನುವುದು ತಪ್ಪು ತಿಳಿವಳಿಕೆ. ಕಣ್ಣು ಕುಕ್ಕುವುದು ಕಡಿಮೆ, ಕೆಳಗಿನಿಂದ ಬಂದ ಬೆಳಕು ಮಂಜಿನ ಮೇಲಿಂದ ತಿರುಗಿ ಕಣ್ಣಿಗೆ ಹೊಡೆಯುವುದೂ ಕಡಿಮೆ. ಕೆಲಸ ಮಾಡುವುದು ಅದು.

ಹ್ಯಾಲೊಜೆನ್ ರಿಫ್ಲೆಕ್ಟರಿಗೆ ಎಲ್‌ಇಡಿ ತುರುಕುವುದನ್ನು ನಾವು ಒಪ್ಪುವುದಿಲ್ಲ. ಎಚ್4ರ ಡಿಮ್ ತಂತಿಯ ಕೆಳಗೊಂದು ಪುಟ್ಟ ಲೋಹದ ಬಟ್ಟಲಿದೆ, ಬೆಳಕು ಮೇಲಕ್ಕೆ ಚೆಲ್ಲದಂತೆ ತಡೆಯುವುದು ಅದೇ. ಎಲ್‌ಇಡಿ ಚಿಪ್ ತಂತಿಯ ಜಾಗದಿಂದ ಒಂದೆರಡು ಮಿಲಿಮೀಟರ್ ಸರಿದರೂ ಫೋಕಸ್ ಕೆಟ್ಟು ಎದುರಿನ ಬೈಕಿನವರ ಮುಖಕ್ಕೇ ಹೊಡೆಯುತ್ತದೆ.

ಯಾವ ಬಲ್ಬ್ ಹಾಕಿದರೂ ಫೋಕಸ್ ಸೆಟ್ ಮಾಡದೆ ಗಾಡಿ ಬಿಡಬೇಡಿ. ಟಯರಿಗೆ ಸರಿಯಾದ ಗಾಳಿ, ಸಮತಟ್ಟಾದ ನೆಲ, ಡ್ರೈವರ್ ಸೀಟಿನಲ್ಲಿ ಒಬ್ಬರು, ಗೋಡೆ 10 ಮೀಟರ್ ದೂರ. ಬಲ್ಬಿನ ಎತ್ತರವನ್ನು ಗೋಡೆಯ ಮೇಲೆ ಗುರುತಿಸಿ. ಡಿಮ್ ಬೆಳಕಿನ ಮೇಲಂಚು ಅದಕ್ಕಿಂತ 10 ಸೆಂಟಿಮೀಟರ್ ಕೆಳಗೆ ಬೀಳಬೇಕು, ಎಡಬದಿಯಲ್ಲಿ ಮಾತ್ರ ಏರಬೇಕು.