12 ಹಾಳೆ

ಸಂಜೆಯಿಂದ ನೆಲದ ತುಂಬಾ ಚಿತ್ರ ಹರಡಿಕೊಂಡು ಕೂತಿದ್ದೇನೆ. ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆಯುವ ಕೆಲಸಕ್ಕೆ ಪೋರ್ಟ್‌ಫೋಲಿಯೋ ಕಳಿಸಬೇಕು. 12 ಹಾಳೆ ಸಾಕು ಎಂದಿದ್ದಾರೆ. ನನ್ನ ಹತ್ತಿರ 40 ಇವೆ.

ಮೈಸೂರು ಶೈಲಿಯ ಸರಸ್ವತಿಯನ್ನು ಮೊದಲೇ ಪಕ್ಕಕ್ಕಿಟ್ಟೆ. ತುಂಬಾ ಸಂಕಟವಾಯಿತು. ಗೆಸ್ಸೋ, ಅಂದರೆ ಉಬ್ಬು ಮೂಡಿಸುವ ಅಂಟು ಸರಿಯ ಕೆಲಸಕ್ಕೇ 3 ವಾರ ಹಿಡಿದಿತ್ತು. ಕುಂಚದ ತುದಿಯಲ್ಲಿ ತೆಳ್ಳಗೆ ಉಬ್ಬಿಸಿ, ಒಣಗಿದ ಮೇಲೆ ಚಿನ್ನದ ರೇಕು ಕೂರಿಸಬೇಕು. ಉಸಿರು ಜೋರಾಗಿ ಬಿಟ್ಟರೂ ರೇಕು ಹಾರುತ್ತದೆ. ಆದರೆ ಅದರ ಗೆರೆ ನನ್ನ ಗುರುಗಳದ್ದು. ನಾನು ಚೆನ್ನಾಗಿ ಕಲಿತಿದ್ದೇನೆ, ಅಷ್ಟೆ.

ಚಿತ್ತಾರ ಬಿಡಲು ಮಾತ್ರ ಮನಸ್ಸಾಗಲಿಲ್ಲ. ಸಾಗರದ ಕಡೆ ನಮ್ಮಜ್ಜಿ ಕೆಮ್ಮಣ್ಣು ಬಳಿದ ಗೋಡೆ ಮೇಲೆ ಪುಂಡಿ ನಾರಿನ ಕುಂಚದಿಂದ ಅಕ್ಕಿ ಹಿಟ್ಟಿನ ಗೆರೆ ಎಳೆಯುತ್ತಿದ್ದರು. ಅದನ್ನು ಹಾಗೇ ಕಾಪಿ ಮಾಡಿದ ಹಾಳೆಗಳನ್ನು ಕೈಬಿಟ್ಟೆ. ಅದೇ ಗೆರೆಯಲ್ಲಿ ಬಸ್ ಸ್ಟ್ಯಾಂಡು, ಮಳೆ, ಛತ್ರಿ ಹಿಡಿದ ಹುಡುಗಿಯನ್ನು ಬರೆದ 6 ಹಾಳೆ ಇಟ್ಟೆ. ಜಲವರ್ಣದವು 5.

ಎರಡು ಶೈಲಿ ಜಾಸ್ತಿ ಆಯಿತಾ? ಹಿಂದೆ ಬೆಂಗಳೂರಿನ ಕಸ್ತೂರಬಾ ರಸ್ತೆಯ ಗ್ಯಾಲರಿಯಲ್ಲಿ ಕಲಾವಿದ ಕೆ. ವೆಂಕಟಪ್ಪ ಅವರ ಊಟಿಯ ಜಲವರ್ಣಗಳನ್ನೂ ಪ್ಲಾಸ್ಟರಿನ ಉಬ್ಬುಚಿತ್ರಗಳನ್ನೂ ನೋಡಿದ್ದೆ. ಮಾಧ್ಯಮ ಬೇರೆ, ತಾಳ್ಮೆ ಒಂದೇ. ಹಾಗೆ ಕಂಡರೆ ಸಾಕಲ್ವಾ?

ಕೊನೆಯ ಹಾಳೆಗೆ ಪೆನ್ಸಿಲ್‌ನಲ್ಲಿ ಬರೆದ ಅಜ್ಜಿಯ ಕೈ ಇಡೋಣ ಅನ್ನಿಸುತ್ತಿದೆ. ಬೆಳಿಗ್ಗೆ ಬೆಳಕಲ್ಲಿ ಇನ್ನೊಮ್ಮೆ ನೋಡುತ್ತೇನೆ.